ಏಳನೇ ಬೋರಿನ ಬೇಸಿಗೆ ಅಂಕಿ

ಹನ್ನೆರಡು ಬೋರು, ನಾಲ್ಕು ಕಾಲ. ಕೋಷ್ಟಕದಲ್ಲಿ ಒಟ್ಟು ನಲವತ್ತೆಂಟು ಮನೆ. ಅದರಲ್ಲಿ ಮೂವತ್ತಾರನ್ನು ನಾನು ಹೊಲದ ದಾರಿ ತುಳಿದು, ಪಂಪು ಹೊಡೆದು, ನೀರು ಹೊತ್ತು ತಂದು ತುಂಬಿದ್ದೆ. ಉಳಿದ ಹನ್ನೆರಡನ್ನು ನಮ್ಮ ವಿಭಾಗದ ಮುರುಕು ಕುರ್ಚಿಯಲ್ಲಿ ಕೂತು, ಚಹಾ ಆರುವುದರೊಳಗೆ ತುಂಬಿದೆ. ಆ ಹನ್ನೆರಡರಲ್ಲಿ ಒಂದರ ಬಗ್ಗೆ ಬರೆಯುತ್ತಿದ್ದೇನೆ.

ವಿಜಯಪುರದ ಒಂದು ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರದ ತಾತ್ಕಾಲಿಕ ಉಪನ್ಯಾಸಕಿ. ಕಾಲೇಜಿನ ಹೆಸರಾಗಲಿ, ಬೋರುಗಳಿರುವ ಊರಿನ ಹೆಸರಾಗಲಿ ಹೇಳುವುದಿಲ್ಲ. ಹೇಳಿದರೆ ತಪ್ಪೆಲ್ಲ ಅವರ ಮೇಲೆ ಬೀಳುತ್ತದೆ, ನನ್ನದು ಹಗುರಾಗಿಬಿಡುತ್ತದೆ. ನಮ್ಮ ಮನೆ ತಿಕೋಟಾದಲ್ಲಿ. ದಿನಾ ಬಸ್ಸಿಗೆ ಬಂದು, ತಾಸಿನ ಲೆಕ್ಕದಲ್ಲಿ ಪಾಠ ಮಾಡಿ, ಬಸ್ಸಿಗೆ ಹಿಂತಿರುಗುತ್ತೇನೆ. ವರ್ಷಕ್ಕೆ ಹತ್ತು ತಿಂಗಳು ಸಂಬಳ. ಏಪ್ರಿಲ್ ಕೊನೆಗೆ ‘ಬಿಡುಗಡೆ’ ಎಂಬ ಒಂದು ಚೀಟಿ ಕೈಗೆ ಬರುತ್ತದೆ. ಜೂನ್ ಕೊನೆಗೆ ಮತ್ತೆ ಸೇರಬೇಕಾದರೆ, ಈ ಮುಖವನ್ನು ಯಾರೂ ಎಂದೂ ನೋಡಿಯೇ ಇಲ್ಲವೇನೋ ಅನ್ನುವ ಹಾಗೆ, ಹೊಸದಾಗಿ ಅರ್ಜಿ ಹಾಕಬೇಕು. ಎಂಟು ಸಲ ಹಾಕಿದ್ದೆ.

ಕಾಯಂ ಇದ್ದವರಿಗೆ ಮುಂದಿನ ಹುದ್ದೆಗೆ ಹೋಗಲು, ಸಂಬಳ ಏರಲು, ಸಂಶೋಧನಾ ಲೇಖನಗಳು ಬೇಕು. ಅವರಿಗೆ ವೇಳೆಯಿಲ್ಲ. ನಮಗೆ ಗತಿಯಿಲ್ಲ. ಹಾಗಾಗಿ ಯಾರೂ ಬಾಯಿಬಿಟ್ಟು ಹೇಳದ ಒಂದು ಪದ್ಧತಿ ನಮ್ಮಲ್ಲಿ ಬೆಳೆದಿತ್ತು: ತಾತ್ಕಾಲಿಕದವರು ಬರೆಯುವುದು, ಕಾಯಮಿನವರ ಹೆಸರು ಹಾಕುವುದು. ಬದಲಿಗೆ ವರ್ಷದ ಕೊನೆಗೆ ಒಳ್ಳೆಯ ಮಾತಿನ ಅನುಭವ ಪ್ರಮಾಣಪತ್ರ ಸಿಗುತ್ತದೆ, ಮುಂದಿನ ವರ್ಷ ವೇಳಾಪಟ್ಟಿಯಲ್ಲಿ ಜಾಗ ಉಳಿಯುತ್ತದೆ. ಏಳು ವರ್ಷದಲ್ಲಿ ಐದು ಲೇಖನ ಬರೆದುಕೊಟ್ಟಿದ್ದೆ. ಯಾವುದರಲ್ಲೂ ನನ್ನ ಹೆಸರಿಲ್ಲ. ರೊಟ್ಟಿ ಬಡಿದವಳ ಹೆಸರನ್ನು ಗಂಗಾಳದ ಮೇಲೆ ಬರೆಯುತ್ತಾರೇನು ಅಂತ ಸಮಾಧಾನ ಮಾಡಿಕೊಂಡಿದ್ದೆ. ಸಮಾಧಾನ ಆಗಿರಲಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥರು ಬಿ.ಎಸ್ಸಿ.ಯಲ್ಲಿ ನನಗೆ ಪಾಠ ಹೇಳಿದವರು. ಬ್ಯೂರೆಟ್ಟಿನ ಗೀಟುಹಾಕಿದ ಗಾಜಿನ ನಳಿಗೆಯಲ್ಲಿ ನೀರಿನ ಮಟ್ಟ ಓದುವಾಗ ಕಣ್ಣನ್ನು ಅದರ ಸಮಕ್ಕೆ ತರಬೇಕು. ಸೋಮಾರಿಗಳು ನಿಂತಲ್ಲೇ ನಿಂತು ಅಂದಾಜು ಹೇಳುತ್ತಾರೆ. ಅಂಥವರ ಬೆನ್ನಿಗೆ ಒಂದು ಗುದ್ದಿ, “ನೀ ಬಾಗವಾ, ನೀರನ್ನ ಬಾಗಸಬ್ಯಾಡ” ಅನ್ನುತ್ತಿದ್ದರು. ಇಡೀ ಜಿಲ್ಲೆಯಲ್ಲಿ ಅಂಥ ಕೈ ಇನ್ನೊಂದಿರಲಿಲ್ಲ. ಆಮೇಲೆ ಸಮಿತಿ, ಫೈಲು, ಮೌಲ್ಯಮಾಪನ ತಂಡ, ಅದು ಇದು ಅಂತ ಹತ್ತು ವರ್ಷದಿಂದ ಅವರು ಬ್ಯೂರೆಟ್ಟು ಮುಟ್ಟಿರಲಿಲ್ಲ. ನಿವೃತ್ತಿಗೆ ಎರಡು ವರ್ಷವಿತ್ತು. ಬಡ್ತಿಗೆ ಎರಡು ಲೇಖನ ಕಡಿಮೆ ಬಿದ್ದಿದ್ದವು.

ಬೋರಿನ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ನೋಡೋಣ ಅಂದವರು ಅವರೇ. ನಾನು ಆ ಸಲ ಧೈರ್ಯ ಮಾಡಿ, ಎರಡನೇ ಹೆಸರು ನನ್ನದಿರಬೇಕು ಅಂದೆ. ನನ್ನ ಮುಖ ನೋಡಿ ಆಗಲಿ ಅಂದರು. ಅಂದು ತಿಕೋಟಾ ಬರುವ ತನಕ ಬಸ್ಸಿನಲ್ಲಿ ಕೂತು, ಇನಿಶಿಯಲ್ಲನ್ನು ಹೆಸರಿನ ಮುಂದೆ ಹಾಕಲೋ ಹಿಂದೆ ಹಾಕಲೋ ಎಂಬುದೊಂದನ್ನೇ ಯೋಚಿಸಿದೆ.

ಗಾಂಧಿ ಚೌಕದಲ್ಲಿ ಲೀಟರಿನ ಪ್ಲಾಸ್ಟಿಕ್ ಕ್ಯಾನುಗಳನ್ನು ಕೊಂಡೆ. ಗಾಜು ನಡೆಯುವುದಿಲ್ಲ, ಫ್ಲೋರೈಡಿಗೂ ಗಾಜಿಗೂ ಆಗಿಬರುವುದಿಲ್ಲ. ಬಬಲೇಶ್ವರದ ತನಕ ಒಂದು ಬಸ್ಸು, ಅಲ್ಲಿಂದ ಮಮದಾಪುರದ ಕಡೆಗೆ ಹೋಗುವ ಇನ್ನೊಂದು. ನಡುವೆ ಇಳಿದು ನಡಿಗೆ. ಪಂಪಿನೊಳಗೆ ನಿಂತ ನೀರು ಹೋಗಲೆಂದು ಐದು ನಿಮಿಷ ಹೊಡೆಯಬೇಕು. ಅದೇ ನೀರಿನಿಂದ ಕ್ಯಾನನ್ನು ಮೂರು ಸಲ ತೊಳೆಯಬೇಕು. ಬಾಯಿತನಕ ತುಂಬಿ ಮುಚ್ಚಿ, ಬೋರಿನ ಸಂಖ್ಯೆ, ತಾರೀಖು ಬರೆಯಬೇಕು. ಕಾಲೇಜಿಗೆ ತಂದ ಮೇಲೆ ಅದಕ್ಕೆ ಒಂದು ಕೆಂಪು ದ್ರಾವಣ ಹಾಕುತ್ತೇವೆ. ಫ್ಲೋರೈಡ್ ಹೆಚ್ಚಿದ್ದಷ್ಟೂ ಆ ಕೆಂಪು ಮಾಸುತ್ತದೆ. ಎಷ್ಟು ಮಾಸಿತು ಎಂದು ಯಂತ್ರ ಹೇಳುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ಕುಡಿಯಬಾರದು. ಕುಡಿಯುತ್ತಾ ಹೋದರೆ ಮಕ್ಕಳ ಹಲ್ಲು ಕಂದುಗಟ್ಟುತ್ತವೆ, ವರ್ಷಗಳು ಕಳೆದಂತೆ ಎಲುಬು ಬಿಗಿಯುತ್ತವೆ.

ಏಳನೇ ಬೋರು ಊರ ಹೊರಗೆ, ಕುರಿ ಸಾಕುವವರ ಐದಾರು ಮನೆಗಳ ಪಕ್ಕದಲ್ಲಿತ್ತು. ಯಾವ ಕಾಲದಲ್ಲೋ ಯಾರೋ ಪರೀಕ್ಷೆ ಮಾಡಿ ಅದರ ಪಂಪಿನ ತಲೆಗೆ ಕೆಂಪು ಬಣ್ಣ ಬಳಿದಿದ್ದರು. ಕುಡಿಯಬಾರದು ಅಂತ ಅದರ ಅರ್ಥ. ಕುರಿಗೆ ಕುಡಿಸಲು, ಅರಿಬಿ-ಬಟ್ಟೆ ಒಗೆಯಲು ಆ ನೀರು. ಕುಡಿಯಲು ಅರ್ಧ ಹರದಾರಿ, ಹತ್ತಿರ ಹತ್ತಿರ ಎರಡೂವರೆ ಕಿಲೋಮೀಟರು ಆಚೆ, ಊರೊಳಗಿನ ಬೋರಿಗೆ ಹೋಗಬೇಕು. ನಾನು ನೋಡಿದ ಮೂರು ಕಾಲಗಳಲ್ಲಿ ಏಳನೆಯದು ಮಿತಿ ದಾಟಿರಲಿಲ್ಲ. ಮಳೆಗಾಲದಲ್ಲಿ ಕಡಿಮೆ, ಚಳಿಗಾಲದಲ್ಲಿ ಸರಿಯಾಗಿ ಒಂದು. ಹತ್ತಿರದ ಕೆರೆ ತುಂಬಿದಾಗ ಬಸಿ ನೀರು ಒಳಗಿಳಿದು ಎಲ್ಲವೂ ತಿಳಿಯಾಗುತ್ತದೆ. ಬೇಸಿಗೆಯಲ್ಲಿ ಮಾತ್ರ ಬೋರು ತನ್ನ ನಿಜ ಹೇಳುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಹೇಳುವ ಸೌಲಭ್ಯ ನನಗಿಲ್ಲ.

ಏಪ್ರಿಲ್ ಕೊನೆಗೆ ಬಿಡುಗಡೆ ಚೀಟಿ ಕೊಡುತ್ತಾ ಮುಖ್ಯಸ್ಥರು, ಮೇ ತಿಂಗಳಲ್ಲಿ ಒಂದು ಸಲ ಹೋಗಿ ನೀರು ತಂದುಬಿಡು ಅಂದರು. ಹೂಂ ಅಂದೆ. ಹೋಗಲಿಲ್ಲ. ಬಸ್ಸು ಹೆಣ್ಣುಮಕ್ಕಳಿಗೆ ಪುಕ್ಕಟೆ, ಆದ್ದರಿಂದ ಖರ್ಚಿನ ನೆಪ ಹೇಳಲಾರೆ. ಸಿಟ್ಟಿತ್ತು. ಸಂಬಳ ಕೊಡದ ತಿಂಗಳು ನನ್ನದು, ಕಾಲೇಜಿನದಲ್ಲ ಅನ್ನುವ ಹಟ. ಮನೆಯಲ್ಲಿ ನನ್ನ ಅತ್ತೆಯ ಜೊತೆ ಮಾಳಿಗೆಯ ಮೇಲೆ ಶಾವಿಗೆ ಒಣಗಿಸುತ್ತಾ, ಅಂತೂ ಒಂದು ಸಲವಾದರೂ ಪುಕ್ಕಟೆ ದುಡಿಯದೆ ಉಳಿದೆನಲ್ಲ ಅಂತ ಒಳಗೊಳಗೇ ಹಿಗ್ಗಿದೆ. ಎಂಟು ವರ್ಷದಲ್ಲಿ ನಾನು ಮಾಡಿದ ಒಂದೇ ಒಂದು ಮುಷ್ಕರ ಅದು. ಯಾರ ಮೇಲೆ ಮಾಡಿದೆ ಅಂತ ಆಮೇಲೆ ತಿಳಿಯಿತು.

ಜೂನಿನಲ್ಲಿ ಮತ್ತೆ ಕೆಲಸಕ್ಕೆ ಸೇರುವಾಗ ಮಳೆ ಬಿದ್ದಿತ್ತು, ಬೇಸಿಗೆ ಮುಗಿದಿತ್ತು. ಮುಖ್ಯಸ್ಥರು ಬೈಯಲಿಲ್ಲ. ಚಳಿಗಾಲದ ಅಂಕಿಗಳನ್ನೇ ತೆಗೆದುಕೊಂಡು ಒಂದೊಂದು ಪಾಯಿಂಟು ಆಜೂಬಾಜೂ, ಹಿಂದೆಮುಂದೆ ಮಾಡು ಅಂದರು. ನಮ್ಮಲ್ಲಿ ಇದಕ್ಕೆ ‘ಹೊಂದಿಸೋದು’ ಅನ್ನುತ್ತಾರೆ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಹುಡುಗರು ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆಯುತ್ತಾರಲ್ಲ, ಅದೇ. ಅಂಥವರ ಅಂಕ ನಾನೇ ಎಷ್ಟೋ ಸಲ ಕಡಿದಿದ್ದೇನೆ. ಅಂದು ನಾನೇ ಹೊಂದಿಸಿದೆ. ಎಲ್ಲವೂ ಏರಿದರೆ ಸಂಶಯ ಬರುತ್ತದೆ, ಕೆಲವು ಏರಬೇಕು, ಕೆಲವು ಇಳಿಯಬೇಕು. ಆರನೆಯದನ್ನು ಏರಿಸಿದ್ದೆ, ಆದ್ದರಿಂದ ಏಳನೆಯದನ್ನು ಇಳಿಸಿದೆ. ಒಂದು ಇದ್ದದ್ದು ಸೊನ್ನೆ ಪಾಯಿಂಟ್ ಒಂಬತ್ತಾಯಿತು. ಅದಕ್ಕೆ ಬೇರೆ ಯಾವ ಕಾರಣವೂ ಇರಲಿಲ್ಲ.

ಶುಲ್ಕ ಕಟ್ಟಿದ ನಾಲ್ಕನೇ ದಿನಕ್ಕೆ ಸಂಶೋಧನಾ ಪತ್ರಿಕೆಯವರು ಲೇಖನ ಒಪ್ಪಿಕೊಂಡರು. ಪರಿಶೀಲಕರ ಅಭಿಪ್ರಾಯ ಒಂದೇ ಸಾಲು, ಚೆನ್ನಾಗಿದೆ ಅಂತ. ಎರಡನೇ ಹೆಸರು ನನ್ನದಿತ್ತು. ಸ್ಟೇಷನ್ ರಸ್ತೆಯಲ್ಲಿ ಬಣ್ಣದ ಪ್ರಿಂಟು ತೆಗೆಸಿ, ಮನೆಯಲ್ಲಿ ಎಲ್ಲರಿಗೂ ತೋರಿಸಿದೆ. ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಕಾಲೇಜಿಗೆ ದರ್ಜೆ ಕೊಡುವ ಮೌಲ್ಯಮಾಪನ ತಂಡ ಬರುವುದಿತ್ತು. ಸಂಶೋಧನೆ ಜನರಿಗೆ ಮುಟ್ಟಿದೆ ಅಂತ ತೋರಿಸಲು ಫೈಲಿನಲ್ಲಿ ಒಂದು ಫೋಟೋ ಬೇಕಿತ್ತು. ಲೇಖನವನ್ನು ನಾನೇ ಕನ್ನಡಕ್ಕಿಳಿಸಿ ನಾಲ್ಕು ಪುಟದ ವರದಿ ಮಾಡಿದೆ. ಪ್ರಾಚಾರ್ಯರ ಸಹಿ, ಕಾಲೇಜಿನ ಮೊಹರಿನ ಸಿಕ್ಕಾ ಬಿತ್ತು. ಊರಿನ ಪಂಚಾಯಿತಿಗೆ ಹೋಗಿ ಕೊಟ್ಟೆವು, ಶಾಲು ಹೊದಿಸಿದರು, ಫೋಟೋ ಆಯಿತು. ಅದು ಕಪಾಟು ಸೇರುತ್ತದೆ ಅಂದುಕೊಂಡಿದ್ದೆ, ಯಾಕೆಂದರೆ ನಮ್ಮದೆಲ್ಲವೂ ಕಪಾಟನ್ನೇ ಸೇರುತ್ತಿತ್ತು. ನಾವು ಬರೆದದ್ದನ್ನು ಯಾರಾದರೂ ಓದಿಯಾರು ಎಂಬ ಅನುಮಾನವೇ ನಮಗಿರಲಿಲ್ಲ.

ಮುಂದಿನ ಏಪ್ರಿಲ್, ಕೊನೆಯ ವಾರ. ಮುಖ್ಯಸ್ಥರಿಗೆ ಎರಡನೇ ಲೇಖನ ಬೇಕಿತ್ತು. ಈ ಸಲ ಬಿಡುಗಡೆಯ ಮೊದಲೇ ಬೇಸಿಗೆಯ ನೀರು ತಂದುಬಿಡುತ್ತೇನೆ ಅಂತ ಹೊರಟೆ. ಆರು ಬೋರು ಮುಗಿಸಿ ಏಳನೆಯದಕ್ಕೆ ಬಂದರೆ ಪಂಪಿನ ತಲೆ ಹಸಿರಾಗಿದೆ. ಹೊಸ ಬಣ್ಣ. ಪಕ್ಕದ ಕುರಿಯವರ ಮನೆಯ ಸೊಸೆಯೊಬ್ಬಳು, ಕಂಕುಳಲ್ಲಿ ಹೆಣ್ಣುಕೂಸು ಇಟ್ಟುಕೊಂಡೇ ಕೊಡ ತುಂಬುತ್ತಿದ್ದಳು. ಹೋದ ವರ್ಷದ ಗುರುತು ಹಿಡಿದು ನಕ್ಕಳು.

“ಬರ್ರಿ ಅಕ್ಕೋರ. ಈಗ ಕುಡ್ಯಾಕೂ ಇದ ನೀರರಿ. ನಿಮ್ಮ ಕಾಲೇಜಿನವರು ಸಿಕ್ಕಾ ಹೊಡದು ಕಾಗದ ಕೊಟ್ಟಾರಲ್ರಿ, ಬ್ಯಾಸಗ್ಯಾಗೂ ಚೊಲೋ ಐತಿ ಅಂತ. ನಿಮ್ಮ ಪುಣ್ಯೇದಿಂದ ನನ್ನ ನಡಾ ಉಳೀತರಿ.”

ಅವಳ ಅತ್ತೆ ಕುರಿದೊಡ್ಡಿಯಿಂದ ಎದ್ದು ಬಂದು ಉಳಿದದ್ದನ್ನು ಹೇಳಿದಳು. ಶುದ್ಧ ನೀರಿನ ಘಟಕವೊಂದು ಈ ಬದಿಗೆ ಬರುವುದಿತ್ತಂತೆ. ಇಲ್ಲಿಯ ನೀರು ಒಳ್ಳೆಯದೇ ಇದೆ ಎಂದು ಕಾಗದ ಬಂದ ಮೇಲೆ ಅದನ್ನು ಊರಿನ ಆ ತುದಿಗೆ ಹಾಕಿದರಂತೆ. ಆಗಲೇ ಆರು ತಿಂಗಳಾಗಿತ್ತು. ಸೊಸೆ ತಂಬಿಗೆಯಲ್ಲಿ ನೀರು ತಂದು ಕೈಗೆ ಕೊಟ್ಟಳು. ಕುಡಿದೆ. ಕುಡಿಯುವುದಿಲ್ಲ ಅನ್ನುವ ಬಾಯಿ ನನಗೆಲ್ಲಿತ್ತು? ಐದು ನಿಮಿಷ ಪಂಪು ಹೊಡೆದು, ಕ್ಯಾನು ಮೂರು ಸಲ ತೊಳೆದು, ತುಂಬಿಕೊಂಡು ಬಂದೆ.

ಮರುದಿನ ಪ್ರಯೋಗಾಲಯದಲ್ಲಿ ಏಳನೆಯದನ್ನೇ ಮೊದಲು ಹಿಡಿದೆ. ಕೆಂಪು ಇಳಿಯಿತು, ಇಳಿಯುತ್ತಲೇ ಹೋಯಿತು. ನಮ್ಮ ವಿಧಾನ ಸುಮಾರು ಒಂದೂವರೆಯ ತನಕ ಮಾತ್ರ ಅಳೆಯುತ್ತದೆ. ಅದನ್ನು ಮೀರಿದ್ದಕ್ಕೆ ಶುದ್ಧ ನೀರು ಬೆರೆಸಿ, ಅಳೆದು, ಬೆರೆಸಿದಷ್ಟು ಪಟ್ಟು ಗುಣಿಸಬೇಕು. ಮೂರು ಪಟ್ಟು ಮಾಡಿದೆ. ಒಂದು ಪಾಯಿಂಟ್ ಒಂದು ಬಂತು. ಅಂದರೆ ಮೂರಕ್ಕಿಂತ ಹೆಚ್ಚು, ಕುಡಿಯಬಾರದ ಮಿತಿಯ ಎರಡು ಪಟ್ಟು. ದ್ರಾವಣ ಹಳೆಯದಾಗಿರಬೇಕು ಅಂತ ಹೊಸದು ಮಾಡಿಕೊಂಡೆ. ಯಂತ್ರ ಕೆಟ್ಟಿರಬೇಕು ಅಂತ ಪ್ರಮಾಣ ಗೊತ್ತಿದ್ದ ಮಾದರಿಗಳನ್ನಿಟ್ಟು ನೋಡಿದೆ. ನನ್ನ ಕೈ ತಪ್ಪಿರಲಿ, ಇವತ್ತೊಂದು ದಿನ ನನಗೆ ಏನೂ ಬರದಿರಲಿ ಅಂತ ಬೇಡಿಕೊಂಡೆ. ಮೂರು ಸಲವೂ ಅದೇ ಬಂತು. ಹೆಣ್ಣುಮಕ್ಕಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ನಳಿಗೆಗಳನ್ನು ಸ್ಟ್ಯಾಂಡಿನಲ್ಲಿಟ್ಟುಕೊಂಡೇ ಮುಖ್ಯಸ್ಥರ ಕೋಣೆಗೆ ಹೋದೆ. ಟೇಬಲ್ಲಿನ ಮೇಲೆ ಅವರ ಬಡ್ತಿಯ ಫೈಲು ಇತ್ತು, ಸಂದರ್ಶನ ಎಂಟು ದಿನಕ್ಕಿತ್ತು. ಪಕ್ಕದಲ್ಲಿ ನನ್ನ ಈ ವರ್ಷದ ಅನುಭವ ಪ್ರಮಾಣಪತ್ರ, ಸಹಿ ಒಂದು ಬಾಕಿ. ಅವರು ಕನ್ನಡಕ ಏರಿಸಿಕೊಂಡು ಎದ್ದು ಬಂದರು. ನಳಿಗೆಗಳ ಸಮಕ್ಕೆ ಕಣ್ಣು ತಂದು, ಬಾಗಿ, ಬಹಳ ಹೊತ್ತು ನೋಡಿದರು. ಹಳೆಯ ರೂಢಿ, ಬಿಟ್ಟಿರಲಿಲ್ಲ. ಎಷ್ಟು ಸಲ ಮಾಡಿದೆ ಅಂತ ಕೇಳಿದರು. ಮೂರು ಸಲ ಅಂದೆ. ಹೋಗಿ ಕುರ್ಚಿಯಲ್ಲಿ ಕೂತರು. ಆಮೇಲೆ ಒಂದು ದಾರಿ ಹೇಳಿದರು. ಹಿಂದಿನ ಲೇಖನವನ್ನು ಮುಟ್ಟುವುದು ಬೇಡ. ಒಂದೇ ವರ್ಷದಲ್ಲಿ ಫ್ಲೋರೈಡ್ ಇಷ್ಟು ಏರಿದೆ ಅಂತ ಎರಡನೇ ಲೇಖನ ಬರಿ. ಅದೇ ಒಂದು ಹೊಸ ಶೋಧ ಆಗುತ್ತದೆ.

ನನಗೆ ಒಂದು ಕ್ಷಣ ಆ ಜಾಣತನಕ್ಕೆ ತಲೆದೂಗಬೇಕು ಅನ್ನಿಸಿತು. ನನ್ನ ಒಂದು ಸುಳ್ಳಿಗೆ ಎರಡು ಲೇಖನ.

“ಅಲ್ಲಿ ಕೂಸು ಕುಡ್ಯಾಕತ್ತೈತ್ರಿ ಸರ,” ಅಂದೆ. “ಇವತ್ತ ಪಂಚಾಯ್ತಿಗೆ ಬರಕೊಡೂನ್ರಿ, ನಾವು ಅಳೀಲಾರದ ಬರದೇವಿ ಅಂತ.”

“ನಾವು ಅಂತ ಬರದ್ರ ನನ್ನ ಬಡ್ತಿ ಹೋಕ್ಕೈತಿ. ಪಿನ್ಶನ್ನ ಅದರ ಮ್ಯಾಲ ನಿಂತೈತವಾ. ಒಂದು ತಿಂಗಳು ತಡಿ. ಆ ಮ್ಯಾಲ ಸಾವಕಾಶ ತಿದ್ದೂನು.”

“ಒಂದು ತಿಂಗಳು ಅಂದ್ರ ಮೇ ತಿಂಗಳರಿ ಸರ. ಆವಾಗ ಅದು ಇನ್ನೂ ಏರತೈತಿ.”

ಅವರು ಸಹಿಗೆಂದು ತೆರೆದಿಟ್ಟಿದ್ದ ಪೆನ್ನಿಗೆ ನಿಧಾನವಾಗಿ ಟೊಪ್ಪಿಗೆ ಹಾಕಿ ಜೇಬಿಗಿಟ್ಟರು. ಕೆಟ್ಟವರಲ್ಲ ಅವರು. ಕೆಟ್ಟವರಾಗಿದ್ದರೆ ನನಗೆ ಸುಲಭವಿತ್ತು. ಆ ಪ್ರಮಾಣಪತ್ರವಿಲ್ಲದೆ ನನ್ನ ಸೇವೆ ಕಡಿದ ಹಾಗೆ, ವಿಜಯಪುರದ ಬೇರೆ ಯಾವ ಕಾಲೇಜಿನಲ್ಲೂ ಅರ್ಜಿ ನಿಲ್ಲುವುದಿಲ್ಲ. ಟೇಬಲ್ಲಿನ ಮೇಲೆ ಅದನ್ನು ಬಿಟ್ಟು ಬರುವಾಗ ಎರಡು ಸಲ ತಿರುಗಿ ನೋಡಿದೆ.

ಪತ್ರಿಕೆಗೆ ಬರೆದೆ. ತಿದ್ದುಪಡಿ ಹಾಕುವ ಪದ್ಧತಿ ನಮ್ಮಲ್ಲಿಲ್ಲ, ಲೇಖನ ಹಿಂಪಡೆಯಲು ಪ್ರಕಟಣೆಗಿಂತ ಹೆಚ್ಚಿನ ಶುಲ್ಕವಿದೆ, ಮೊದಲ ಲೇಖಕರ ಒಪ್ಪಿಗೆ ಬೇಕು ಅಂತ ಉತ್ತರ ಬಂತು. ಕೊನೆಗೆ, ನಿಮ್ಮ ಮುಂದಿನ ಲೇಖನಕ್ಕೆ ರಿಯಾಯಿತಿ ಇದೆ ಅಂತಲೂ ಇತ್ತು.

ಬಿಡುಗಡೆಯಾದ ಮೂರನೇ ದಿನ, ಕೈಬರಹದ ಪತ್ರ ಹಿಡಿದು ಪಂಚಾಯಿತಿಗೆ ಹೋದೆ. ಬೇಸಿಗೆಯ ಅಂಕಿಗಳು ಅಳೆದವಲ್ಲ, ಊಹೆಯವು; ಏಳನೇ ಬೋರಿನ ನೀರು ಕುಡಿಯಬಾರದು ಎಂದು ಬರೆದಿದ್ದೆ. ಅಲ್ಲಿಯ ಅಧಿಕಾರಿ ಎರಡು ಸಲ ಓದಿ, ಮಡಚಿ ಕೈಯಲ್ಲೇ ಹಿಡಿದುಕೊಂಡರು.

“ಮೊದಲಿನ ಕಾಗದಕ್ಕ ಸಿಕ್ಕಾ ಐತಿ, ಪ್ರಾಚಾರ್ಯರ ಸಹಿ ಐತಿ ಮೇಡಮ್ಮಾರ. ಇದಕ್ಕ ನಿಮ್ಮ ಸಹಿ ಅಷ್ಟ ಐತಿ. ನೀವು ಈಗ ಆ ಕಾಲೇಜಿನ್ಯಾಗ ಅದೀರೇನು?”

ಇಲ್ಲ ಅಂದೆ. ಮೇ ತಿಂಗಳಲ್ಲಿ ನಾನು ಎಲ್ಲಿಯೂ ಇರುವುದಿಲ್ಲ. ಅವರೂ ಒಳ್ಳೆಯವರೇ. ಸರ್ಕಾರಿ ಪ್ರಯೋಗಾಲಯಕ್ಕೆ ನೀರು ಕಳಿಸುತ್ತೇನೆ, ಸರದಿ ಬಂದು ವರದಿ ಆಗುವ ತನಕ ಪಂಪಿನ ಬಣ್ಣ ಬದಲಿಸುವ ಅಧಿಕಾರ ನನಗಿಲ್ಲ ಅಂದರು. ಸುಳ್ಳಿಗೆ ಬಿದ್ದ ಸಿಕ್ಕಾ ಖರೆ ಮಾತಿಗೆ ಬೀಳಲಿಲ್ಲ.

ಆ ವಾರವೇ ಹೊಸ ಅರ್ಜಿಗಳ ಕೊನೆಯ ದಿನ. ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ಟೈಪು ಮಾಡುವ ಹೆಣ್ಣುಮಗಳು, ಪ್ರಕಟಿತ ಲೇಖನ ಎಷ್ಟು ಅಂತ ಕೇಳಿದಳು. ಇಲ್ಲ ಅಂತ ಹಾಕು ಅಂದೆ. ಒಂದೂ ಇಲ್ಲವೇ ಅಂತ ತಿರುಗಿ ನೋಡಿದಳು. ಒಂದೂ ಇಲ್ಲ ಅಂದೆ. ಈ ವರ್ಷದ ಪ್ರಮಾಣಪತ್ರದ ಜಾಗವನ್ನೂ ಖಾಲಿ ಬಿಟ್ಟಳು.

ಭಾನುವಾರ ಮುಂಜಾನೆ ಬಬಲೇಶ್ವರದ ಬಸ್ಸು ಹತ್ತಿದೆ. ಚೀಲದಲ್ಲಿ ಮೂರು ಪಾರದರ್ಶಕ ಡಬ್ಬಿ, ಒಂದು ಬಾಟಲಿ ಶುದ್ಧ ನೀರು, ಬಿಡುಗಡೆಯ ಹಿಂದಿನ ದಿನ ಪ್ರಯೋಗಾಲಯದಿಂದ ಹೇಳದೆ ತಂದ ಸ್ವಲ್ಪ ಕೆಂಪು ದ್ರಾವಣ. ಕಳವು ಅನ್ನಿ ಬೇಕಾದರೆ. ಏಳನೇ ಬೋರಿನ ಹತ್ತಿರ ಅರಿಬಿ ಒಗೆಯುವ ಬಂಡೆಯ ಮೇಲೆ ಡಬ್ಬಿಗಳನ್ನು ಸಾಲಾಗಿ ಇಟ್ಟೆ. ಐದಾರು ಹೆಂಗಸರು ಬಂದು ನಿಂತರು. ಒಂದರಲ್ಲಿ ಶುದ್ಧ ನೀರು, ಒಂದರಲ್ಲಿ ಊರೊಳಗಿನ ಬೋರಿನದು, ಒಂದರಲ್ಲಿ ಅವರ ಕೊಡದೊಳಗಿನದೇ ನೀರು. ಮೂರಕ್ಕೂ ಅಳೆದು ಒಂದೇ ಸಮ ದ್ರಾವಣ ಹಾಕಿದೆ. ಮೊದಲಿನ ಎರಡು ಕೆಂಪಾಗಿಯೇ ನಿಂತವು. ಮೂರನೆಯದು ತೊಳೆದ ಕುಂಕುಮದ ಹಾಗೆ ಮಾಸಿತು. ಬಿಸಿಲಿನಲ್ಲಿ ಪಕ್ಕಪಕ್ಕ ಇಟ್ಟಾಗ ಯಾರಿಗೂ ವಿವರಿಸಿ ಹೇಳಬೇಕಾಗಲಿಲ್ಲ. ಆದರೂ ಹೇಳಿದೆ. ಹಲ್ಲಿನದು, ಎಲುಬಿನದು, ಬೇಸಿಗೆಯದು.

ಆ ಸೊಸೆಯ ಅತ್ತೆ ಕೆಳಗೆ ಕೂತು ಡಬ್ಬಿಯನ್ನು ಎತ್ತಿ ತಿರುಗಿಸಿ ನೋಡಿದಳು.

“ಹಂಗಾರ ಆ ಕಾಗದ ಬರದವ್ರು ಯಾರ?”

ಕಾಲೇಜಿನವರು ಅನ್ನಬಹುದಿತ್ತು. ಸರ್ ಅನ್ನಬಹುದಿತ್ತು, ಮೊದಲ ಹೆಸರು ಅವರದೇ. ಎಂಟು ವರ್ಷದಲ್ಲಿ ಇದನ್ನು ಬರೆದವರು ಯಾರು ಅಂತ ಒಬ್ಬರಾದರೂ ಕೇಳಲಿ ಎಂದು ಕಾದಿದ್ದವಳು ನಾನು.

“ನಾನ ಬರದೇನಿ, ಆಯಿ.”

“ನೀರು ನೋಡಿ ಬರದೀದಿ?”

“ಇಲ್ಲ. ಹ್ವಾದ ಬ್ಯಾಸಗ್ಯಾಗ ನಾ ಬಂದಿದ್ದಿಲ್ಲ. ಕುಂತಲ್ಲೆ ಬರದೆ.”

ಸೊಸೆ ತುಂಬಿದ ಕೊಡವನ್ನು ಕುರಿಗಳ ತೊಟ್ಟಿಗೆ ಬಗ್ಗಿಸಿದಳು. ಆಮೇಲೆ ಕಂಕುಳಲ್ಲಿದ್ದ ಕೂಸಿನ ಬಾಯಿಗೆ ಬೆರಳಿಟ್ಟು, ಹೊಸದಾಗಿ ಮೂಡಿದ್ದ ಎರಡು ಹಲ್ಲುಗಳನ್ನು ಸೆರಗಿನಿಂದ ಒರೆಸಿದಳು. ಮತ್ತೆ ಒರೆಸಿದಳು. ಇಷ್ಟು ದಿನದ್ದಕ್ಕೆ ಬಹಳ ಕೇಡಾಗಿರಲಿಕ್ಕಿಲ್ಲ ಅಂತ ಹೇಳಬೇಕೆಂದುಕೊಂಡೆ. ಅದನ್ನೂ ನಾನು ಅಳೆದು ನೋಡಿರಲಿಲ್ಲ.

ಅತ್ತೆ ಎದ್ದು ಖಾಲಿ ಕೊಡವನ್ನು ತಂದು ನನ್ನ ಮುಂದಿಟ್ಟಳು.

“ಊರಾಗಿನ ನೀರಿಗೆ ಹೋಗಬೇಕಿನ್ನ. ಕೂಸಿನ್ನ ಎತ್ಕೊಂಡು ಎರಡು ಕೊಡ ಆಕಿಗೆ ಆಗೂದಿಲ್ಲ. ಒಂದು ನೀ ಹೊರು.”

ಹೊತ್ತೆ. ಮದುವೆಯಾದ ಮೇಲೆ ತಲೆಯ ಮೇಲೆ ಕೊಡ ಇಟ್ಟಿರಲಿಲ್ಲ. ಹೋಗುವಾಗ ಅರ್ಧ ಹರದಾರಿ, ಬರುವಾಗಲೂ ಅಷ್ಟೇ, ಆದರೆ ಬರುವಾಗಿನದು ಮುಗಿಯುವಂತೆಯೇ ಇರಲಿಲ್ಲ. ಸೊಸೆ ಮುಂದೆ ನಡೆಯುತ್ತಿದ್ದಳು, ತಿರುಗಿ ನೋಡಲಿಲ್ಲ. ನನ್ನ ರವಿಕೆ, ಬೆನ್ನು, ಸೀರೆ ಎಲ್ಲ ತೊಯ್ದವು. ಮನೆ ಮುಟ್ಟಿದಾಗ ಅತ್ತೆ ಕೊಡವನ್ನು ಇಳಿಸಿಕೊಂಡು, ಒಳಗೆ ಬಾಗಿ ನೀರಿನ ಮಟ್ಟ ನೋಡಿದಳು.

“ಅರ್ಧಾ ಚೆಲ್ಲೀದಿ. ನಾಳೆ ಬಾ.”

ಅದು ಮೇ ತಿಂಗಳು, ನನಗೆ ಸಂಬಳವಿರಲಿಲ್ಲ. ಮರುದಿನ ತಿಕೋಟಾದಿಂದ ಮೊದಲನೇ ಬಸ್ಸಿಗೆ ಹೋದೆ.